ಕೋಡಿಗೆ ಕಟ್ಟಿದ ಜಾಲರಿ

ಟೆಕ್ಸಸ್ಸಿನ ಹ್ಯೂಸ್ಟನ್ ಹತ್ತಿರ, ಕೇಟಿ ಊರು ದಾಟಿ ಪಶ್ಚಿಮಕ್ಕೆ, ಭತ್ತದ ಗದ್ದೆಗಳು ಇನ್ನೂ ಉಳಿದಿದ್ದ ಕಡೆ ನಾವು ಮನೆ ತೆಗೆದುಕೊಂಡಾಗ ಹಿತ್ತಲಿಗೆ ಒಂದು ಕೆರೆಯೂ ಸೇರಿ ಬಂದಿತ್ತು. ಅಲ್ಲಿನವರು ಅದನ್ನು ಪಾಂಡ್ ಅನ್ನುತ್ತಿದ್ದರು. ಆದರೆ ಒಂದು ಬದಿಗೆ ಮಣ್ಣಿನ ಏರಿ, ಏರಿಯ ಕೊನೆಗೆ ಹೆಚ್ಚಿನ ನೀರು ಹರಿದುಹೋಗಲು ಕಾಂಕ್ರೀಟಿನ ಕೋಡಿ ಇದ್ದ ಮೇಲೆ, ಧಾರವಾಡದ ಕಡೆಯವಳಾದ ನನಗೆ ಅದು ಕೆರೆಯೇ. ಹಿಂದಿನ ಮನೆಯವರು ನೀರಿಗೆ ನೈದಿಲೆ ತಂದು ಬಿಟ್ಟಿದ್ದರು. ಅದರ ಜೊತೆಗೇ ಇನ್ನೊಂದು ಗಿಡವೂ ಬಂದಿತ್ತೆಂಬುದು ನಮಗೆ ತಿಳಿದದ್ದು ಎರಡನೆಯ ವರ್ಷ.

ಮೊದಲು ಅದು ಮೂಲೆಯಲ್ಲಿ ಒಂದು ಚಾಪೆಯಷ್ಟಿತ್ತು. ಮಡಿಚಿದ ಪುಟ್ಟ ಎಲೆಗಳು, ಎಲೆಯ ಮೇಲೆಲ್ಲ ನೀರು ಅಂಟದ ಸಣ್ಣ ರೋಮ. ಚೆನ್ನಾಗಿಯೇ ಕಾಣುತ್ತಿತ್ತು. ಬೇಸಿಗೆ ಏರುವಷ್ಟರಲ್ಲಿ ಅರ್ಧ ಕೆರೆ ಹಸಿರಾಯಿತು. ಜುಲೈ ಹೊತ್ತಿಗೆ ನೀರೇ ಕಾಣದು. ನೋಡಲು ಬಂದ ಸರ್ಕಾರಿ ಅಧಿಕಾರಿ ಒಂದು ಎಲೆ ಎತ್ತಿ ನೋಡಿದವಳೇ ಹುಬ್ಬು ಗಂಟಿಕ್ಕಿದಳು. ಸಾಲ್ವೀನಿಯಾ ಅಂದಳು. ಒಂದು ಚೂರು ಉಳಿದರೂ ಮತ್ತೆ ಕೆರೆ ತುಂಬುತ್ತದೆ, ಹೊರಗೆ ಸಾಗಿಸುವಂತಿಲ್ಲ, ಎತ್ತಿ ದೂರದ ಒಣನೆಲದಲ್ಲಿ ಒಣಗಿಸಿ. ಔಷಧಿ ಹೊಡೆಯುವುದಾದರೆ ಸ್ವಲ್ಪ ಸ್ವಲ್ಪ ಜಾಗಕ್ಕೆ ಮಾತ್ರ, ಎಲ್ಲ ಒಟ್ಟಿಗೆ ಕೊಳೆತರೆ ಮೀನು ಉಸಿರುಕಟ್ಟಿ ಸಾಯುತ್ತವೆ.

ಅಂದು ಸಂಜೆಯೇ ಕೆಳಗಿನ ಹುಲ್ಲುಗಾವಲಿನ ಒಡತಿ ಬೇಲಿಯ ಹತ್ತಿರ ಬಂದು ನಿಂತಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ದನ ಸಾಕಿಕೊಂಡಿದ್ದ ಹೆಂಗಸು, ಅರುವತ್ತು ದಾಟಿರಬಹುದು. ನಮ್ಮ ಕೋಡಿಯ ನೀರು ಹರಿದು ಸೇರುತ್ತಿದ್ದದ್ದು ಅವಳ ಹೊಂಡಕ್ಕೆ.

"ಅದು ನನ್ನ ನೀರಿಗೆ ಇಳಿಯಬಾರದಮ್ಮ," ಅಂದಳು. "ನನ್ನ ದನಗಳಿಗೆ ಬೇರೆ ನೀರಿಲ್ಲ."

"ಇಳಿಯೋದಿಲ್ಲ," ಅಂದರು ನನ್ನವರು. ಅವರು ಪೈಪ್‌ಲೈನ್ ಎಂಜಿನಿಯರು, ಮೈಸೂರಿನವರು, ಸುಮ್ಮನೆ ಮಾತು ಕೊಡುವವರಲ್ಲ. ಮುಂದಿನ ಶನಿವಾರವೇ ಕಬ್ಬಿಣದ ಚೌಕಟ್ಟಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಕೋಡಿಯ ಬಾಯಿಗೆ ಇಳಿಸಿ ನಿಲ್ಲಿಸಿದರು. ನೀರು ಹೋಗುತ್ತಿತ್ತು, ಎಲೆ ನಿಲ್ಲುತ್ತಿತ್ತು.

ಆಮೇಲೆ ನಮ್ಮ ಶನಿವಾರ ಭಾನುವಾರಗಳೆಲ್ಲ ಆ ನೀರಿಗೇ ಸಂದವು. ಗೆಳೆಯರು ಹಿಲ್‌ಕ್ರಾಫ್ಟ್‌ಗೆ ಅಲ್ಲಿನ ಇಂಡಿಯನ್ ಅಂಗಡಿಗಳಿಂದ ತರಕಾರಿ ತರಲು, ದೋಸೆ ತಿನ್ನಲು ಹೊರಟರೆ, ನಾವು ಎದೆಯವರೆಗಿನ ರಬ್ಬರ್ ಉಡುಪು ತೊಟ್ಟು ಉದ್ದ ಹಿಡಿಕೆಯ ಹಲ್ಲುಕುಂಟೆಯಲ್ಲಿ ಕಳೆ ಎಳೆಯುತ್ತಿದ್ದೆವು. ಎಳೆದದ್ದು ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಮುಂದಿನ ವಸಂತ ಬರುವಷ್ಟರಲ್ಲಿ ಮೂರರಲ್ಲೊಂದು ಪಾಲು ನೀರು ಆಕಾಶ ಕಂಡಿತು.

ಜೂನಿನಲ್ಲಿ ಮಳೆ ಹಿಡಿಯಿತು. ಹ್ಯೂಸ್ಟನ್ನಿನ ರಸ್ತೆಗಳು ಮುಳುಗಿದವು ಎಂದು ಟಿವಿಯಲ್ಲಿ ತೋರಿಸುತ್ತಿದ್ದರು. ನನ್ನವರು ಆಫೀಸಿನ ಕೆಲಸಕ್ಕೆಂದು ಆಸ್ಟಿನ್‌ಗೆ ಹೋದವರು ಅಲ್ಲೇ ಸಿಕ್ಕಿಕೊಂಡಿದ್ದರು. ಬೆಳಿಗ್ಗೆ ಛತ್ರಿ ಹಿಡಿದು ಏರಿಯ ಮೇಲೆ ಹೋದೆ. ಗಾಳಿ ಕೆರೆಯ ಕಳೆಯನ್ನೆಲ್ಲ ಒಂದೇ ಕಡೆಗೆ ತಳ್ಳಿತ್ತು. ಕೋಡಿಯ ಕಡೆಗೆ. ಜಾಲರಿಯ ಕಣ್ಣುಗಳೆಲ್ಲ ಮುಚ್ಚಿಹೋಗಿ, ಹೋಗಬೇಕಾದ ನೀರು ಹೋಗದೆ ಏರಿಯ ಅಂಚಿಗೆ ಬಂದು ನಿಂತಿತ್ತು.

ಛತ್ರಿ ಎಸೆದು ಕುಂಟೆ ತಂದೆ. ಒಂದು ರಾಶಿ ಎಳೆದು ದಡಕ್ಕೆ ಹಾಕುವಷ್ಟರಲ್ಲಿ ಎರಡು ರಾಶಿ ಬಂದು ಅಂಟುತ್ತಿತ್ತು. ಕೈ ಸೋತಿತು. ಒಳಗೆ ಓಡಿ ಫೋನು ತಂದು ಗಂಡನಿಗೆ ಹಚ್ಚಿದೆ.

"ನೀರು ಏರಾಕತ್ತೈತ್ರಿ. ನಾ ಎಷ್ಟ್ ತಗದ್ರೂ ಬರಾಕತ್ತೈತಿ."

"ಏರಿ ಹಿಂದೆ ಹೋಗಿ ನೋಡು. ಬುಡದಲ್ಲಿ ಎಲ್ಲಾದ್ರೂ ನೀರು ಸೋರ್ತಿದ್ಯಾ?"

ಹೋಗಿ ನೋಡಿದೆ. ಹುಲ್ಲಿನ ನಡುವೆ ಕೈಬೆರಳಿನ ದಪ್ಪಕ್ಕೆ ನೀರು ಬುಗ್ಗೆಯಾಗಿ ಏಳುತ್ತಿತ್ತು.

"ಸೋರಾಕತ್ತೈತಿ."

"ತಿಳಿಯಾಗಿದ್ಯಾ, ಬಗ್ಗಡವಾಗಿದ್ಯಾ?"

"ಬಗ್ಗಡ. ಚಹಾದಂಗ ಐತಿ."

ಬಗ್ಗಡ ಅಂದರೆ ನೀರು ಏರಿಯ ಮಣ್ಣನ್ನೂ ಹೊತ್ತು ತರುತ್ತಿದೆ, ಒಳಗೆ ಟೊಳ್ಳಾಗುತ್ತಿದೆ.

"ಜಾಲರಿ ಎತ್ಬಿಡು," ಅಂದರು. "ಈಗಲೇ."

"ಎತ್ತಿದ್ರ ಎಲ್ಲಾ ಆಕೀ ಹೊಂಡಕ್ಕ ಹೋಗ್ತೈತಿ. ನೀವು ಮಾತು ಕೊಟ್ಟೀರಿ."

"ಏರಿ ಒಡೆದ್ರೆ ಕಳೆ ಅಲ್ಲ, ಕೆರೆನೇ ಅವರ ಕೊಟ್ಟಿಗೆ ಮೇಲೆ ಹೋಗುತ್ತೆ. ಎತ್ತು. ನೀರಿಗೆ ಮಾತ್ರ ಇಳೀಬೇಡ, ನಿಂಗೆ ಈಜು ಬರಲ್ಲ."

ಎರಡು ಕೈಯಲ್ಲಿ ಹಿಡಿದು ಎಳೆದೆ. ಚೌಕಟ್ಟು ಕೂದಲೆಳೆಯಷ್ಟೂ ಅಲುಗಲಿಲ್ಲ. ಅಷ್ಟು ನೀರು, ಅಷ್ಟು ಕಳೆ ಅದರ ಬೆನ್ನಿಗೆ ಒತ್ತಿ ಕೂತಿದ್ದವು. ಅಷ್ಟರಲ್ಲಿ ಕೆಳಗಿನಿಂದ ಒಡತಿಯ ಟ್ರಕ್ಕು ಕೆಸರಿನಲ್ಲಿ ಜಾರುತ್ತ ಬಂತು. ಅವಳು ಇಳಿದು ಏರಿಯನ್ನು ನೋಡಿದಳು, ಬುಗ್ಗೆ ನೋಡಿದಳು, ಜಾಲರಿ ನೋಡಿದಳು. ನಾನು ನನ್ನ ಅರೆಬರೆ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಎತ್ತಿದರೆ ಏನಾಗುತ್ತದೆ, ಎತ್ತದಿದ್ದರೆ ಏನಾಗುತ್ತದೆ.

ಅವಳು ತನ್ನ ಹೊಂಡದ ಕಡೆ ತಿರುಗಿ ನಿಂತಳು. ಮಳೆಯಲ್ಲಿ ಆ ನೀರು ಅಷ್ಟು ದೂರದಿಂದಲೂ ಬೋಳಾಗಿ, ಬೂದು ಬಣ್ಣಕ್ಕೆ ಕಾಣುತ್ತಿತ್ತು. ದನಗಳು ಕೊಟ್ಟಿಗೆಯಲ್ಲಿದ್ದವು. ನಾನು ಅವಳ ಬೆನ್ನನ್ನೇ ನೋಡುತ್ತಿದ್ದೆ. ಬೇಡ ಅಂದರೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ.

"ಟ್ರಕ್ಕಿನಲ್ಲಿ ಸರಪಳಿ ಇದೆ, ತಂದು ಹಾಕು," ಅಂದಳು, ತಿರುಗದೆಯೇ. "ನಾನು ಅದರಿಂದಲೇ ಎಳೆಯುತ್ತೇನೆ."

ಚೌಕಟ್ಟಿನ ಮೇಲಿನ ಕಂಬಿ ಆಗಲೇ ನೀರಿನಡಿ ಹೋಗಿತ್ತು. ಕೋಡಿಯ ಕಾಂಕ್ರೀಟಿನ ಮೇಲೆ ಬೋರಲು ಮಲಗಿ, ಹೆಗಲವರೆಗೆ ಕೈ ಇಳಿಸಿ ತಡಕಿದೆ. ಕಳೆ ಮುಖಕ್ಕೆ, ಬಾಯಿಗೆ ಬಂತು. ಕಂಬಿ ಸಿಕ್ಕಿತು, ಸರಪಳಿಯ ಕೊಕ್ಕೆ ಜಾರಿತು. ಮತ್ತೆ ಹಾಕಿದೆ, ಮತ್ತೆ ಜಾರಿತು. ಕಾಲು ಹಿಡಿದುಕೊಳ್ಳಲು ಹಿಂದೆ ಯಾರೂ ಇರಲಿಲ್ಲ. ಒಂದು ಗೇಣು ಮುಂದೆ ಸರಿದರೆ ತಲೆಕೆಳಗಾಗಿ ಹೋಗುತ್ತೇನೆಂದು ಗೊತ್ತಿದ್ದೂ ಆ ಒಂದು ಗೇಣು ಸರಿದೆ. ಕೊಕ್ಕೆ ಕೂತಿತು.

"ಎಳೀರಿ!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಅವಳಿಗೆ ಅರ್ಥವಾಯಿತು.

ಟ್ರಕ್ಕಿನ ಚಕ್ರಗಳು ಕೆಸರು ಹಾರಿಸುತ್ತ ನಿಂತಲ್ಲೇ ತಿರುಗಿದವು. ಸರಪಳಿ ಬಿಗಿದು ಸಣ್ಣಗೆ ಕಿರುಗುಟ್ಟಿತು. ನಾನು ಹಿಂದಕ್ಕೆ ಉರುಳಿಕೊಂಡೆ. ಆಮೇಲೆ ಒಮ್ಮೆಗೇ ಚೌಕಟ್ಟು ಡೊಂಕಾಗಿ ಕಿತ್ತು ಬಂತು. ಅದರ ಹಿಂದೆ ಕೆರೆಯೇ ಮೈಮೇಲಿನ ಕಂಬಳಿ ಬಿಸಾಕಿದ ಹಾಗೆ ಕಳೆಯೆಲ್ಲ ಕೋಡಿ ಇಳಿಯಿತು.

ನಾವಿಬ್ಬರೂ ಟ್ರಕ್ಕಿನೊಳಗೆ ಕೂತು ಬುಗ್ಗೆಯನ್ನು ಕಾದೆವು. ನೀರು ಇಳಿದಂತೆ ಬುಗ್ಗೆಯೂ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಜಿನುಗು ಮಾತ್ರ ಉಳಿಯಿತು. ಏರಿ ಒಡೆಯಲಿಲ್ಲ. ಅವಳ ಹೊಂಡ ಹಸಿರಾಯಿತು.

ನನ್ನವರು ಬಂದ ಮರುದಿನವೇ ಅವಳ ಮನೆಗೆ ಹೋಗಿ ಕ್ಷಮೆ ಕೇಳಲು ಬಾಯಿ ತೆರೆದರು. ಅವಳು ಕೈ ಅಡ್ಡ ಹಿಡಿದಳು. "ನಾನೇ ಎಳೆದೆ," ಅಂದಳು, ಅಷ್ಟೆ. ಆದರೆ ಮುಖ ಕೊಟ್ಟು ಮಾತಾಡಲಿಲ್ಲ. ದನಗಳಿಗೆ ತೊಟ್ಟಿ ಇಟ್ಟು ಮನೆ ಬಳಕೆಗೆಂದಿದ್ದ ಬಾವಿಯ ನೀರು ಹಾಯಿಸಿದಳು. ಅದು ಸಾಲದೆ ಆ ಬೇಸಿಗೆಯಲ್ಲೇ ಕೆಲವನ್ನು ಮಾರಿದಳು. ಅವುಗಳನ್ನು ಒಯ್ಯುವ ಲಾರಿ ನಮ್ಮ ಮನೆ ಮುಂದೆಯೇ ಹೋಯಿತು.

ನಾವು ನಮ್ಮ ಕೆರೆ ಬಿಟ್ಟು ಅವಳ ಹೊಂಡಕ್ಕೆ ಇಳಿದೆವು. ಮೊದಮೊದಲು ಅವಳು ಗೇಟಿನ ಚಿಲಕ ತೆಗೆದಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಶರತ್ಕಾಲದಲ್ಲಿ ಒಂದು ದಿನ ತಾನೂ ಕುಂಟೆ ಹಿಡಿದು ಬಂದಳು. ಮೂವರೂ ಸೇರಿ ಎಳೆದೆವು. ಡಿಸೆಂಬರಿನಲ್ಲಿ ಹಿಮ ಬಿದ್ದು ಎಷ್ಟೋ ಕಳೆ ಕಂದಿ ಸತ್ತಿತು. ಉಳಿದದ್ದಕ್ಕೆ ವಸಂತದಲ್ಲಿ ತುಂಡು ತುಂಡಾಗಿ ಔಷಧಿ ಹೊಡೆದೆವು.

ಎರಡು ಚಳಿಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ನಮ್ಮನ್ನು ಕರೆಕಳಿಸಿದಳು. ಕಳೆ ಹೋದ ಹೊಂಡದ ಸುತ್ತಲಿನ ಬೇಲಿ ತೆರೆದಿದ್ದಳು. ಎಲ್ಲಕ್ಕಿಂತ ಮುಂದಿದ್ದ ಹಸು ದಡಕ್ಕೆ ಬಂದು ಮೂಸಿ, ಹಿಂದೆ ಸರಿದು ನಿಂತಿತು. ಆಮೇಲೆ ಅದು ಮುಂಗಾಲು ನೀರಿಗಿಟ್ಟು ಕತ್ತು ಬಗ್ಗಿಸಿ ಕುಡಿಯಿತು. ಅವಳು ಟೋಪಿ ತೆಗೆದು ನೆತ್ತಿ ಒರೆಸಿಕೊಂಡು, "ಕಾಫಿ ಇಟ್ಟಿದ್ದೀನಿ, ಬನ್ನಿ," ಅಂದಳು.