ಹೆಣ್ಣು ನೋಡೋಕೆ ಬಂದೋರಿಗೆ ಪ್ರಾಂಗ್‌ಹಾರ್ನ್ ತೋರ್ಸಿದ್ದು

"ನೀವು ಕನ್ನಡದೋರಾ, ತಮಿಳೋರಾ?" ನಮ್ಮ ಧರ್ಮಪುರಿ ಮನೇಲಿ ಕೂತ್ಕಂಡು, ಎರಡನೇ ಸಲ ಕೇಸರಿ ಆಕಿಸ್ಕಂಡು, ಹುಡುಗನ ತಾಯಿ ಕೇಳಿದ್ರು. ಬೆಂಗ್ಳೂರಿಂದ ಹೆಣ್ಣು ನೋಡೋಕೆ ಬಂದಿದ್ರು. ನಮ್ಮ ಮಾತಲ್ಲಿ ತಮಿಳು ಜಾಸ್ತಿಯಂತೆ. ಕೇಸರೀಲಿ ಮಾತ್ರ ಅದು ಆಯಮ್ಮಂಗೆ ಕಾಣ್ಲಿಲ್ಲ, ಪಾವಂ, ಪಾಪ.

ಹೆಣ್ಣು ನನ್ನ ಮೊಮ್ಮಗಳು, ದನದ ಡಾಕ್ಟ್ರಿಗೆ ಓದ್ತಾವ್ಳೆ. ಸುಮ್ನಿರ್ತಾಳಾ? ಫೋನಲ್ಲಿ ಒಂದು ಪ್ರಾಣಿ ತೋರ್ಸಿದ್ಲು.

"ಆಂಟಿ, ಇದು ಅಮೆರಿಕದ ಪ್ರಾಂಗ್‌ಹಾರ್ನ್. ನೋಡೋಕೆ ಜಿಂಕೆ ಥರ ಐತೆ, ಆದ್ರೆ ಜಿಂಕೆ ಅಲ್ಲ, ಮೇಕೆನೂ ಅಲ್ಲ, ನಮ್ಮಂಗೇ. ಗೊರಸಿರೋ ಪ್ರಾಣಿಗಳಲ್ಲಿ ಇದಕ್ಕೆ ಹತ್ತಿರದ ನೆಂಟ ಅಂದ್ರೆ ಜಿರಾಫೆ. ಇದರ ಕುಲದಲ್ಲಿ ಉಳ್ದಿರೋದು ಇದೊಂದೇ."

ಆಯಮ್ಮ ಗಾಬರಿಯಾಗಿ, "ಅಯ್ಯೋ, ಅಂಗಾದ್ರೆ ಇದಕ್ಕೆ ಹೆಣ್ಣು ಯಾರು ಕೊಡ್ತಾರೆ?" ಅಂದ್ರು.

"ಕೊಡೋದೆಲ್ಲಿ ಆಂಟಿ? ಅಲ್ಲಿ ಹೆಣ್ಣೇ ಓಗಿ ನಾಲ್ಕು ಗಂಡು ನೋಡಿ ಆರಿಸ್ಕಂತೈತೆ."

ಹುಡುಗ ತಲೆ ತಗ್ಗಿಸ್ಕಂಡು ನಕ್ಕ. ಅವರಮ್ಮ ನಗ್ಲಿಲ್ಲ. "ಫೋನ್ ಮಾಡ್ತೀವಿ" ಅಂತ ಎದ್ದೋದೋರು ಇನ್ನೂ ಮಾಡ್ತಾನೇ ಅವ್ರೆ, ನಮ್ಮ ಫೋನ್ ಮಾತ್ರ ರಿಂಗಾಗಿಲ್ಲ.

ಸೇಲಂನಲ್ಲಿ ಇನ್ನೊಬ್ಬ ಹುಡುಗ ಅವ್ನಂತೆ. ಈ ಸಲ ನಾವೇ ಬಸ್ ಹತ್ತಿ ಗಂಡು ನೋಡೋಕೆ ಬತ್ತೀವಿ ಅಂತ ಏಳಿ ಕಳ್ಸಿವ್ನಿ. ಕೇಸರಿ ಅವ್ರು ಮಾಡ್ಲಿ.