ಬಾಲ ಹಚ್ಚಿದ ಅರ್ಜಿ

ಮುಳಬಾಗಿಲಿನ ನನ್ನ ಹುಣಸೆ ಮಂಡಿಯ ಜಗುಲಿಯಲ್ಲಿ ಕೋದಂಡರಾಮಪ್ಪ ಮೇಷ್ಟ್ರು ಹದಿನೈದು ವರ್ಷ ಕುಳಿತಿದ್ದರು. ಬೆಳಿಗ್ಗೆ ಇಂಗ್ಲಿಷ್ ಪಾಠ, ಆಮೇಲೆ ಅರ್ಜಿ ಬರೆಯುವುದು. ಬಾಡಿಗೆ ಅವರು ಕೊಡಲಿಲ್ಲ, ನಾನು ಕೇಳಲಿಲ್ಲ. ಇಂಗ್ಲಿಷ್ ಬಲ್ಲವರೊಬ್ಬರು ಬಾಗಿಲಲ್ಲಿ ಕೂತಿದ್ದರೆ ನನ್ನ ತಕ್ಕಡಿಯ ಮೇಲೂ ಗಿರಾಕಿಗೆ ನಂಬಿಕೆ.

ಅವರ ಪಾಠವೆಲ್ಲ ಒಂದೇ: ನಾಮಪದಕ್ಕೆ ಬಾಲ ಹಚ್ಚಿ ಗುಣವಾಚಕ ಮಾಡುವುದು. ಮರ್ಸಿಗೆ ಫುಲ್ ಸೇರಿಸಿದರೆ ಮರ್ಸಿಫುಲ್, ಹೆಲ್ಪ್‌ಗೆ ಲೆಸ್ ಸೇರಿಸಿದರೆ ಹೆಲ್ಪ್‌ಲೆಸ್. ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ಅರ್ಜಿಯಲ್ಲೂ ಅದೇ ವೈಭವ. ಬಾಲ ಹೆಚ್ಚಿದಷ್ಟೂ ಸಾಹೇಬರು ಕರಗುತ್ತಾರೆಂದು ಊರೇ ನಂಬಿತ್ತು. ಓದು ಬಾರದವರೂ "ಫುಲ್ ಎಷ್ಟು ಹಾಕಿದ್ದೀರಿ ಸ್ವಾಮಿ?" ಎಂದು ಕೇಳಿಯೇ ಅರ್ಜಿ ಮಡಚುತ್ತಿದ್ದರು.

ಯುದ್ಧದ ಕಾಲ, ನಲವತ್ತಮೂರನೇ ಇಸವಿ. ತಾಯಲೂರಿನ ವೆಂಕಟರತ್ನಮ್ಮ ಬಂದಳು, ಗಂಡ ಸತ್ತವಳು. ಕೋಲಾರದಲ್ಲಿ ಸೂಲಗಿತ್ತಿ ತರಬೇತಿಗೆ ಅರ್ಜಿಯನ್ನು ಕೈಯಾರೆ ಕೊಡಬೇಕು. ಶನಿವಾರವೇ ಕೊನೆಯ ದಿನ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ.

ಶುಕ್ರವಾರ ಮಧ್ಯಾಹ್ನವೇ ಅರ್ಜಿ ಮುಗಿಯಿತು. ನಾನು ಸುಮ್ಮನಿರಬೇಕಿತ್ತು.

"ಏನ್ ಮೇಷ್ಟ್ರೇ, ಒಂದೇ ಮರ್ಸಿಫುಲ್ಲಾ? ಇಷ್ಟು ತೆಳ್ಳಗಿದ್ರೆ ಸಾಹೇಬ್ರ ಕಣ್ಣಿಗೆ ಬೀಳ್ತದಾ?"

ಮೇಷ್ಟ್ರ ಮುಖ ಕೆಂಪಾಯಿತು. "ನಾಳೆ ನೋಡಿ ಶೆಟ್ರೇ. ಕಲ್ಲೂ ಅಳ್ಬೇಕು, ಹಂಗೆ ಬರೀತೀನಿ."

"ಇದೇ ಸಾಕು ಸ್ವಾಮಿ, ಕೊಟ್ಬಿಡಿ," ಎಂದಳು ವೆಂಕಟರತ್ನಮ್ಮ.

"ಸುಮ್ನಿರಮ್ಮ, ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಕೊಡ್ತಾರೆ." ಹಾಗೆಂದವನೂ ನಾನೇ.

ಪೆಟ್ರೋಲ್ ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ನಮ್ಮ ಬಸ್ಸು, ಅದರ ಒಲೆಗೆ ಗಂಟೆಗಟ್ಟಲೆ ಗಾಳಿಯಂತ್ರ ತಿರುಗಿಸಿದರೂ ಹೊಗೆ ಬಿಡುವುದೇ ಹೊರತು ಹೊರಡುತ್ತಿರಲಿಲ್ಲ. ಆ ಶನಿವಾರ ಮಾತ್ರ ಹೇಳಿದ ಹೊತ್ತಿಗೇ ಹೊರಟಿತು. ಮೇಷ್ಟ್ರು ಜಗುಲಿಯಲ್ಲಿ ಮೂರನೇ ಹಾಳೆಯ ಕೊನೆಯ ಸಾಲಿನಲ್ಲಿದ್ದರು. ಮುಂದಿನ ಬಸ್ಸು ಹತ್ತಿ ಅವಳು ಕೋಲಾರ ಸೇರುವಷ್ಟರಲ್ಲಿ ಕಚೇರಿಗೆ ಬೀಗ ಬಿದ್ದಿತ್ತು.

ಆಮೇಲೆ ಮೇಷ್ಟ್ರು ಯಾವ ಪದಕ್ಕೂ ಬಾಲ ಹಚ್ಚಲಿಲ್ಲ. ಮೂರೇ ಸಾಲಿನ ಅರ್ಜಿ, ಕೇಳಿದ ಗಳಿಗೆಯಲ್ಲೇ. "ಇದೂ ಒಂದು ಅರ್ಜಿಯೇ?" ಎಂದು ಮೂಗು ಮುರಿದು ಜನ ಬೇರೆಯವರ ಹತ್ತಿರ ಹೋದರು. ಎರಡು ವರ್ಷಕ್ಕೆ ಮೇಷ್ಟ್ರು ಶ್ರೀನಿವಾಸಪುರದ ಮಗಳ ಮನೆ ಸೇರಿ ಅಲ್ಲೇ ತೀರಿಕೊಂಡರು. ತಪ್ಪೆಲ್ಲ ತಮ್ಮದೇ ಎಂದುಕೊಂಡು ಹೋದರು. ನಾನು ತಿದ್ದಲಿಲ್ಲ.

ವೆಂಕಟರತ್ನಮ್ಮ ಈಗ ನನ್ನ ಮಂಡಿಯಲ್ಲೇ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಾಳೆ. ಹಿಂದಿನ ಓಣಿಯಲ್ಲಿ ಯಾರಾದರೂ ಹೆರಿಗೆ ನೋವಿಗೆ ಕೂಗಿದರೆ ಅವಳ ಸುತ್ತಿಗೆ ನಿಂತುಬಿಡುತ್ತದೆ. ಆಗ ನಾನು ತಕ್ಕಡಿಯ ಮುಳ್ಳನ್ನೇ ನೋಡುತ್ತಾ ಕೂರುತ್ತೇನೆ.