ವಾರಿಜಾಕ್ಷಿಯ ಮದುವೆಗೆ ಹೊರಟ ಜೀಪು

ಹಳೆಯ ಗಾಡಿಗಳ ಮೇಲೆ ಜನರಿಗೆ ಈಗ ಎಲ್ಲಿಲ್ಲದ ಪ್ರೀತಿ. ಅವು ಓಡುತ್ತಿದ್ದ ಕಾಲದಲ್ಲಿ ಏರಿನಲ್ಲಿ ಇಳಿದು ದೂಡಿ ಬೆನ್ನು ಮುರಿದುಕೊಂಡವರೇ ಈಗ ಫೋಟೋ ನೋಡಿ ಕಣ್ಣೊರೆಸಿಕೊಳ್ಳುತ್ತಾರೆ. ವೇಣೂರಿನ ಜತ್ತಪ್ಪನ ಮನೆಯ ಜೀಪಿಗೂ ಹಾಗೇ ಆಯಿತು. ಮೂವತ್ತೊಂದು ವರ್ಷ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಮೊಟ್ಟೆಯಿಡುವ ಜಾಗವಾಗಿದ್ದ ಅದನ್ನು ಅವನ ಅಣ್ಣನ ಮೊಮ್ಮಗ ನಿತೇಶ ಹೊರಗೆಳೆದ. ಅದರ ಹಿಂದೆ ಕಟ್ಟುತ್ತಿದ್ದ ಟ್ರೇಲರನ್ನೂ ಎಳೆದ. ಎಂಜಿನ್ ರಿಪೇರಿ ಮಾಡಿಸಿ, ಎರಡಕ್ಕೂ ಹಸಿರು ಬಣ್ಣ ಬಳಿದು ಮೊಬೈಲಿನಲ್ಲಿ ಹಾಕಿದ. ಸಾವಿರಾರು ಜನ ಹೃದಯದ ಗುರುತು ಒತ್ತಿದರು. 'ಎಂಥ ಕಾಲ ಮಾರಾಯ' ಎಂದು ಬರೆದರು.

ಜತ್ತಪ್ಪನಿಗೆ ಅದನ್ನು ನೋಡಲಿಕ್ಕೆ ಆಗಲಿಲ್ಲ. ಎಪ್ಪತ್ತೆರಡು ವರ್ಷದ ಮನುಷ್ಯ ಅಂಗಳಕ್ಕೆ ಇಳಿಯುವುದನ್ನೇ ಬಿಟ್ಟ.

ಒಂದು ಕಾಲದಲ್ಲಿ ಆ ಜೀಪಿನ ಡ್ರೈವರ್ ಅವನೇ. ಅಣ್ಣ ಸರಕಾರಿ ಹರಾಜಿನಲ್ಲಿ ಹಿಡಿದ ಜೀಪು ಅದು. ಟ್ರೇಲರ್ ಮಾಡಿದ್ದು ಬಂಟ್ವಾಳದ ಮಹಮ್ಮದ್ ಕುಂಞಿ. ತಗಡಿನ ಮಾಡು, ಎರಡು ಬದಿಗೆ ಬೆಂಚು, ಗಾಳಿಗೆ ಕಿಟಕಿ, ಪಾತ್ರೆ ನೇತುಹಾಕಲು ಕೊಕ್ಕೆ. ಮನೆಯ ಹನ್ನೊಂದು ಜನ ಒಲೆ, ಅಕ್ಕಿ, ಚಾಪೆ ಸಮೇತ ಅದರಲ್ಲಿ ಊರೂರು ತಿರುಗಿದರು. ದಾರಿಯ ಬದಿಯಲ್ಲಿ ಗಂಜಿ ಬೇಯಿಸಿ ಉಂಡರು, ಅದರೊಳಗೇ ಮಲಗಿದರು. ಊರಿನವರು ಅದಕ್ಕೆ ಚಕ್ರದ ಮನೆ ಎಂದು ಹೆಸರಿಟ್ಟಿದ್ದರು. ಮುಂದೆ ಕೂತು ಸ್ಟೇರಿಂಗ್ ಹಿಡಿದ ಜತ್ತಪ್ಪನ ಗತ್ತು ನೋಡಬೇಕಿತ್ತು. ಮದುವೆಗಿದುವೆ ಏನೂ ಬೇಡವೆಂದು ಆ ಗಾಡಿಯನ್ನೇ ಕಟ್ಟಿಕೊಂಡಿದ್ದ. ಮೂರು ಹೊತ್ತು ಅತ್ತಿಗೆ ಸೇಸಮ್ಮನ ಕೈಯ ಊಟ ಉಂಡು ಆರಾಮವಾಗಿದ್ದ.

ಸೇಸಮ್ಮ ಅವನ ಅಣ್ಣನ ಹೆಂಡತಿ. ನಿತೇಶ ಅವಳ ಮೊಮ್ಮಗ. ವಾರಿಜಾಕ್ಷಿ ಅವಳ ಮಗಳು, ಏಳನೆಯ ವರ್ಷಕ್ಕೆ ಸತ್ತವಳು.

ಮೂವತ್ತೊಂದು ವರ್ಷದ ಹಿಂದೆ ಎಳ್ಳಮಾವಾಸ್ಯೆಯ ದಿನ ಸೋಮೇಶ್ವರದಲ್ಲಿ ಸಮುದ್ರ ಸ್ನಾನ ಮುಗಿಸಿ ಎಲ್ಲರೂ ಬರುತ್ತಿದ್ದರು. ಬಂಟ್ವಾಳದ ಪೇಟೆಯಲ್ಲಿ ಸೇಸಮ್ಮ ಮಸಾಲೆ ಅರೆಯಲು ಒಂದು ಕಡೆಯುವ ಕಲ್ಲು ಕೊಂಡಳು. ಅದನ್ನು ಟ್ರೇಲರಿನ ಹಿಂದಿನ ಅಂಚಿನಲ್ಲಿ ಇಡಿಸಿದಳು. ವಾಮದಪದವಿನ ಏರಿನಲ್ಲಿ ಟ್ರೇಲರಿನ ಮೂತಿ ಮೇಲೆದ್ದು, ಜೀಪಿಗೆ ಸಿಕ್ಕಿಸಿದ್ದ ಪಿನ್ನು ಹಾರಿತು. ಚಕ್ರದ ಮನೆ ಹಿಂದಕ್ಕೆ ಉರುಳಿ ಚರಂಡಿಗೆ ಮಗುಚಿತು. ಒಳಗಿದ್ದ ಉಳಿದವರಿಗೆ ಕೈಕಾಲು ಮುರಿಯಿತು. ವಾರಿಜಾಕ್ಷಿ ಅಡಿಯಲ್ಲಿದ್ದಳು.

"ಹಿಂದೆ ಕಲ್ಲು ಇಟ್ಟದ್ದರಿಂದ ಮೂತಿ ಎದ್ದಿತು. ಆಧಾರಕ್ಕೆ ಕಟ್ಟಿದ ಚೈನೂ ತುಂಡಾಯಿತು" ಎಂದು ಜತ್ತಪ್ಪ ಅಂದು ಹೇಳಿದ. ಎಲ್ಲರೂ ನಂಬಿದರು. ಎಲ್ಲರಿಗಿಂತ ಹೆಚ್ಚು ಸೇಸಮ್ಮ ನಂಬಿದಳು. ಆ ಮೇಲೆ ಅವಳು ಯಾರ ಮಗುವನ್ನೂ ಎತ್ತಿಕೊಳ್ಳಲಿಲ್ಲ. ನಿತೇಶ ಹುಟ್ಟಿದಾಗಲೂ ದೂರದಿಂದಲೇ ನೋಡಿದಳು. ಗಂಡ ಸಾಯುವಾಗ, "ನನ್ನ ಮಗಳನ್ನು ತಿಂದೆಯಲ್ಲ" ಎಂಬ ಒಂದು ಮಾತು ಹೇಳಿ ಸತ್ತ. ಅದನ್ನೂ ನುಂಗಿಕೊಂಡಳು.

ಈಗ ನಿತೇಶನಿಗೆ ನಿಶ್ಚಯವಾದ ಸಂಬಂಧ ಎರಡು ಸಲ ಮುರಿಯಿತು. ಪ್ರಶ್ನೆ ಇಡಿಸಿದರು. ಮದುವೆಯಾಗದೆ ಹೋದ ಹೆಣ್ಣು ಜೀವ ಮನೆಯಲ್ಲೇ ಉಂಟು, ಅವಳದ್ದು ಮೊದಲು ಮುಗಿಸಿ ಎಂದು ಜೋಯಿಸರು ಹೇಳಿದರು. ಸತ್ತ ಮಕ್ಕಳೂ ತಮ್ಮ ಲೋಕದಲ್ಲಿ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ ಎಂಬುದು ಈ ಸೀಮೆಯ ನಂಬಿಕೆ. ಅಂಥವರಿಗೆ ಸತ್ತವರಲ್ಲೇ ವರ ಹುಡುಕಿ ಮಳೆಗಾಲದ ಆಟಿ ತಿಂಗಳಲ್ಲಿ ಕುಲೆ ಮದುವೆ, ಎಂದರೆ ಪ್ರೇತದ ಮದುವೆ, ಮಾಡುತ್ತಾರೆ. ಬೆಳುವಾಯಿಯ ಒಂದು ಮನೆಯಲ್ಲಿ ಹತ್ತನೆಯ ವಯಸ್ಸಿಗೆ ಜ್ವರದಲ್ಲಿ ಹೋದ ಹುಡುಗನಿದ್ದ. ಗೋತ್ರ, ಕುಲದ ಬಳಿ ಎಲ್ಲ ಸರಿಹೊಂದಿತು. ಮಾತುಕತೆ ಮುಗಿಯಿತು.

ನಿತೇಶನ ಉತ್ಸಾಹ ಕೇಳಬೇಡಿ. "ಅತ್ತೆಯನ್ನು ಬೆಳುವಾಯಿಗೆ ಕಳಿಸುವುದು ನಮ್ಮ ಜೀಪಿನಲ್ಲೇ. ಹಿಂದೆ ಟ್ರೇಲರ್ ಕಟ್ಟಿ, ಹೂ ಹಾಕಿ. ಅಜ್ಜ, ನೀವೇ ಮುಂದೆ ಕೂತುಕೊಳ್ಳಬೇಕು!" ಎಂದ. ಆ ಟ್ರೇಲರಿನ ಅಡಿಯಲ್ಲಿ ಸತ್ತವಳನ್ನು ಅದರಲ್ಲೇ ಗಂಡನ ಮನೆಗೆ ಕಳಿಸುವುದು ಅವನಿಗೆ ವಿಚಿತ್ರ ಅನಿಸಲಿಲ್ಲ. ಹುಟ್ಟುವ ಮೊದಲು ನಡೆದ ಸಾವು ಯಾರನ್ನೂ ಚುಚ್ಚುವುದಿಲ್ಲ.

ಮದುವೆಯ ದಿನ ಚಾವಡಿಯಲ್ಲಿ ಎರಡು ಮಣೆ ಹಾಕಿದರು. ಒಂದರ ಮೇಲೆ ಪಂಚೆ, ಅಂಗಿ, ಶಾಲು. ಇನ್ನೊಂದರ ಮೇಲೆ ಕೆಂಪು ಸೀರೆ, ರವಕೆ, ಗಾಜಿನ ಬಳೆ, ಮಲ್ಲಿಗೆ. ಏಳು ವರ್ಷದ ಹುಡುಗಿಗೆ ಆರು ಗಜದ ಸೀರೆ! ತಂದೆ ಇಲ್ಲವಾದ್ದರಿಂದ ಧಾರೆ ಎರೆಯುವುದು ಚಿಕ್ಕಪ್ಪ ಜತ್ತಪ್ಪನೇ ಎಂದು ಹಿರಿಯರು ತೀರ್ಮಾನಿಸಿದ್ದರು. ನೀರು ತುಂಬಿದ ಗಿಂಡಿಯನ್ನು ಅವನ ಕೈಗೆ ಕೊಟ್ಟರು. ಸೇಸಮ್ಮ ಕಾಣಲಿಲ್ಲ.

ಅವಳು ಅಡುಗೆಮನೆಯ ಹಿಂದೆ ಕೂತು ಬಾಳೆಲೆ ಒರೆಸುತ್ತಿದ್ದಳು. ಜತ್ತಪ್ಪ ಗಿಂಡಿ ಹಿಡಿದೇ ಅಲ್ಲಿಗೆ ಹೋದ.

"ಅತ್ತಿಗೆ, ಚಾವಡಿಗೆ ಬನ್ನಿ. ಮುಹೂರ್ತ ಆಯಿತು."

"ನಾನು ಬರುವುದಿಲ್ಲ. ಕೊಂದವಳ ಮುಖ ನೋಡಿಕೊಂಡು ಮದುವೆಯಾಗ್ಲಿಕ್ಕೆ ಅವಳಿಗೆಂಥ ಗ್ರಹಚಾರ? ನೀನು ಎರೆ ಜತ್ತಪ್ಪ. ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ ಕೈ ನಿನ್ನದು. ಅದು ಒಳ್ಳೆ ಕೈ."

ಒಳಗಿನಿಂದ ಯಾರೋ ಕೂಗಿ ಕರೆದರು. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಹೇಡಿಗೂ ತನ್ನ ಹೇಡಿತನದ ಅಳತೆ ಗೊತ್ತಿರುತ್ತದೆ.

"ಚೈನ್ ತುಂಡಾಗಲಿಲ್ಲ ಅತ್ತಿಗೆ."

"ಎಂಥ?"

"ಚೈನ್ ಇರಲೇ ಇಲ್ಲ. ಹಿಂದಿನ ದಿನ ಹಲಸಿನ ದಿಮ್ಮಿ ಎಳೆಯಲಿಕ್ಕೆ ಅದನ್ನು ಬಿಚ್ಚಿದ್ದೆ. ಗುಡ್ಡದಲ್ಲೇ ಬಿಟ್ಟು ಬಂದಿದ್ದೆ. ಬೆಳಿಗ್ಗೆ ಹೊರಡುವಾಗ ನೆನಪಾಯಿತು. ರಾಹುಕಾಲ ಸುರುವಾಗುವ ಮೊದಲು ಊರಿನ ಗಡಿ ದಾಟಬೇಕು, ಬೇಗ ಹೊರಡುವ ಅಂತ ಅಣ್ಣ ಗಡಿಬಿಡಿ ಮಾಡಿದ. ಪಿನ್ನು ಉಂಟಲ್ಲ, ಸಾಕು ಅಂತ ನಾನು ಹೊರಟೆ."

ಸೇಸಮ್ಮ ಎಲೆ ಕೆಳಗಿಟ್ಟಳು.

"ಪಿನ್ನು ಹೋದರೂ ಚೈನು ಹಿಡಿಯುತ್ತದೆ, ಅದನ್ನು ಹಾಕದೆ ಗಾಡಿ ಹೊರಡಿಸಬೇಡ ಅಂತ ಕುಂಞಿ ನನಗೆ ಹತ್ತು ಸಲ ಹೇಳಿದ್ದ. ಅದು ಇದ್ದಿದ್ದರೆ ಕಲ್ಲಲ್ಲ, ಗುಡ್ಡ ಇಟ್ಟರೂ ಟ್ರೇಲರ್ ಹಿಂದೆ ಹೋಗ್ತಿರಲಿಲ್ಲ. ಮರುದಿನ ಗುಡ್ಡಕ್ಕೆ ಹೋಗಿ ಚೈನ್ ತಂದೆ. ಗರಗಸದಲ್ಲಿ ಒಂದು ಕೊಂಡಿ ಕೊಯ್ದು ಟ್ರೇಲರಿಗೆ ನೇತುಹಾಕಿದೆ. ಎಲ್ಲರೂ ನೋಡಲಿ ಅಂತ."

ಅವಳು ಅವನನ್ನು ನೋಡುತ್ತಲೇ ಇದ್ದಳು.

"ನಿನ್ನ ಅಣ್ಣ ಸಾಯುವಾಗ ನನಗೆ ಹೇಳಿದ ಮಾತು, ನೀನು ಪಕ್ಕದಲ್ಲೇ ಇದ್ದಿ ಅಲ್ವಾ?"

"ಇದ್ದೆ."

"ಆಗಲೂ ಹೇಳಲಿಲ್ಲ."

ಸೇಸಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದಳು. ಅವನ ಕೈಯಿಂದ ಗಿಂಡಿ ತೆಗೆದುಕೊಂಡು ಚಾವಡಿಗೆ ನಡೆದಳು. ಗಂಡ ಸತ್ತವಳು ಧಾರೆ ಎರೆಯುವುದುಂಟೇ ಎಂದು ನೆಂಟರು ಮೂಗಿನ ಮೇಲೆ ಬೆರಳಿಟ್ಟರು. ಒಬ್ಬ ಹಿರಿಯರು ಬಾಯಿ ಬಿಟ್ಟೇಬಿಟ್ಟರು. "ಹೆತ್ತವಳು ನಾನು. ಯಾರಿಗಾದರೂ ದೋಷ ತಟ್ಟುವುದಿದ್ದರೆ ನನಗೇ ತಟ್ಟಲಿ" ಎಂದು ಸೇಸಮ್ಮ ಧಾರೆ ಎರೆದಳು. ಆಮೇಲೆ ಕೆಂಪು ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಒತ್ತಿಕೊಂಡಳು. ಮೂವತ್ತೊಂದು ವರ್ಷದ ಮೇಲೆ ಮಗಳನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಗಟ್ಟಿಯಾಗಿ ಅತ್ತಳು. ನೋಡಿದವರೆಲ್ಲ ಅತ್ತರು.

ಊಟ ಮುಗಿಯಿತು. ಅಂಗಳದಲ್ಲಿ ಜೀಪು ಹೂ ಹೊತ್ತು ನಿಂತಿತ್ತು. ನಿತೇಶ ಎಂಜಿನ್ ಸುರು ಮಾಡಿ ಹಾರ್ನ್ ಬಾರಿಸಿದ. ಸೇಸಮ್ಮ ಸೀರೆಯ ಗಂಟು ಹಿಡಿದು ಬಂದವಳು ಜೀಪಿನ ಕಡೆ ತಿರುಗಿಯೂ ನೋಡದೆ ಬೆಳುವಾಯಿಯವರ ವ್ಯಾನಿಗೆ ಹತ್ತಿದಳು.

"ಅಜ್ಜೀ, ಇದರಲ್ಲಿ ಅಲ್ವಾ?" ಎಂದು ನಿತೇಶ ಕೂಗಿದ. ಅವನ ಮುಖ ಸಣ್ಣದಾಯಿತು.

"ಬೇಡ ಮಗ. ಅದನ್ನು ಗುಜರಿಗೆ ಹಾಕು."

ಜತ್ತಪ್ಪ ವ್ಯಾನಿನ ಬಾಗಿಲ ಬಳಿಗೆ ಹೋದ. ಕ್ಷಮೆ ಕೇಳಬೇಕೆಂದಿದ್ದ. ಅವನ ಬಾಯಿಂದ ಬಂದದ್ದು, "ಅತ್ತಿಗೆ, ಊಟ ಮಾಡಿದ್ರಾ?" ಎಂಬ ಮಾತು ಮಾತ್ರ.

ಸೇಸಮ್ಮ ಗಂಟನ್ನು ಮಡಿಲಲ್ಲಿ ಸರಿಮಾಡಿಕೊಂಡಳು. ಅವಳ ಸ್ವರ ಬಹಳ ಮೆತ್ತಗಿತ್ತು.

"ನೀನು ಹೇಳಿದ್ದು ಒಳ್ಳೆಯದಾಯಿತು ಜತ್ತಪ್ಪ. ಮಗಳನ್ನು ನಾನೇ ಕೊಂದೆ ಅಂತ ಸಾಯಬೇಕಾಗಿತ್ತು, ಅದು ತಪ್ಪಿತು. ಯಾರಿಗೂ ನಾನು ಹೇಳುವುದಿಲ್ಲ. ನಾನು ಸಂಜೆ ವಾಪಸು ಬರ್ತೇನೆ. ಆಗ ನೀನು ಈ ಮನೆಯಲ್ಲಿ ಇರಬೇಡ."

ವ್ಯಾನು ಹೋಯಿತು. ಬೆಳುವಾಯಿಗೆ ಹೋಗಿ ಬರಲು ಹೆಚ್ಚು ಹೊತ್ತು ಬೇಡ. ಜತ್ತಪ್ಪ ಒಳಗೆ ಹೋಗಿ ಎರಡು ಪಂಚೆ, ಒಂದು ಅಂಗಿ ಚೀಲಕ್ಕೆ ತುಂಬಿಕೊಂಡ. ಎಲ್ಲಿಗೆ ಹೋಗುವುದೆಂದು ಅವನಿಗೆ ಹೊಳೆಯಲಿಲ್ಲ.